ಪಂದ್ಯದ ದಿನದ ರಿಯಲ್ ಏಲ್: ಹಡರ್ಸ್‌ಫೀಲ್ಡ್‌ಗೆ ಹೋಗುವ ಕಾಸರಗೋಡಿನ ಫುಟ್‌ಬಾಲ್ ಅಭಿಮಾನಿಗಳಿಗೆ

ಕಾಸರಗೋಡು, ಕುಂಬಳೆ, ಉಪ್ಪಳ, ಬದಿಯಡ್ಕ ಕಡೆಯಿಂದ ಓದಿಗೆಂದೋ ಉದ್ಯೋಗಕ್ಕೆಂದೋ ಇಂಗ್ಲೆಂಡಿಗೆ ಹೋದ ಒಬ್ಬರಾದರೂ ಇಲ್ಲದ ಊರು ಈಗ ನಮ್ಮಲ್ಲಿ ಕಡಿಮೆ. ಕೊಯ್ಲು ಮುಗಿದ ಗದ್ದೆಯಲ್ಲಿ ದೀಪದ ಬೆಳಕಿನಡಿ ನಡೆಯುವ ಸೆವೆನ್ಸ್ ಪಂದ್ಯಾಟಗಳನ್ನು ನೋಡುತ್ತ ಬೆಳೆದವರಿಗೆ, ತೃಕ್ಕರಿಪುರದಂಥ ಫುಟ್‌ಬಾಲ್ ಊರನ್ನು ಹೊಂದಿರುವ ಜಿಲ್ಲೆಯವರಿಗೆ, ಅಲ್ಲಿಗೆ ತಲುಪಿದ ಕೂಡಲೇ ಹುಟ್ಟುವ ಆಸೆಯೆಂದರೆ ಒಂದು ಪಂದ್ಯವನ್ನು ಮೈದಾನದಲ್ಲೇ ಕುಳಿತು ನೋಡಬೇಕೆಂಬುದು. ಒಂದು ತಂಡವನ್ನು ಮೆಚ್ಚಿಕೊಂಡ ಮೇಲೆ ಅದು ಪರವೂರಿಗೆ ಆಡಲು ಹೋದಾಗ ಬೆನ್ನಿಗೆ ಹೋಗುವುದೂ ತಡವಾಗುವುದಿಲ್ಲ. ಟಿಕೆಟ್ ಕೊಳ್ಳುವ ಕ್ರಮವನ್ನೂ ರೈಲಿನ ಹೊತ್ತನ್ನೂ ಜೊತೆಗಿರುವ ಯಾರಾದರೂ ಹೇಳಿಕೊಡುತ್ತಾರೆ. ಪಂದ್ಯಕ್ಕೆ ಮೊದಲಿನ ಎರಡು ಮೂರು ತಾಸುಗಳನ್ನು ಎಲ್ಲಿ, ಹೇಗೆ ಕಳೆಯಬೇಕೆಂಬುದನ್ನು ಮಾತ್ರ ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ. ಪಶ್ಚಿಮ ಯಾರ್ಕ್‌ಷೈರ್‌ನ ಹಡರ್ಸ್‌ಫೀಲ್ಡ್ ಪಟ್ಟಣದಲ್ಲಿ ನಾಲ್ಕು ವರ್ಷ ಇದ್ದವನು ನಾನು. ಪಂದ್ಯಕ್ಕೆ ಮೊದಲು ಪಬ್ಬಿನಲ್ಲಿ ಕುಳಿತು ರಿಯಲ್ ಏಲ್ ಎಂಬ ಹಳೆಯ ಪದ್ಧತಿಯ ಬಿಯರನ್ನು ಸವಿಯುವುದರ ಬಗ್ಗೆ ಅಲ್ಲಿ ಕಲಿತದ್ದನ್ನು, ಮದ್ಯ ಸೇವಿಸುವವರಿಗೂ ಸೇವಿಸದೆ ಗೆಳೆಯರ ಜೊತೆಗೆ ಹೋಗುವವರಿಗೂ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ.

ಹಡರ್ಸ್‌ಫೀಲ್ಡ್ ಸಾಮಾನ್ಯ ಫುಟ್‌ಬಾಲ್ ಪಟ್ಟಣವಲ್ಲ. 1924, 1925 ಮತ್ತು 1926ರಲ್ಲಿ ಸತತ ಮೂರು ಬಾರಿ ಇಂಗ್ಲೆಂಡಿನ ಲೀಗ್ ಪ್ರಶಸ್ತಿಯನ್ನು ಗೆದ್ದ ಮೊದಲ ತಂಡ ಹಡರ್ಸ್‌ಫೀಲ್ಡ್ ಟೌನ್. 1895ರಲ್ಲಿ ರಗ್ಬಿ ಲೀಗ್ ಆಟಕ್ಕೆ ತಳಪಾಯ ಹಾಕಿದ ಸಭೆ ನಡೆದದ್ದು ರೈಲು ನಿಲ್ದಾಣದ ಎದುರಿನ ಚೌಕದಲ್ಲಿರುವ ಜಾರ್ಜ್ ಹೋಟೆಲಿನಲ್ಲಿ. ಇವೆರಡರ ಜೊತೆಗೆ ಒಳ್ಳೆಯ ಏಲ್‌ಗೂ ಆ ಪಟ್ಟಣ ಹೆಸರಾಗಿದೆ. ಆದುದರಿಂದ ಇಲ್ಲಿ ಅದನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಇಲ್ಲಿ ಹೇಳುವ ಬಹುಪಾಲು ಸಂಗತಿಗಳು ಬರ್ನ್‌ಲಿ, ಬೋಲ್ಟನ್, ಬಾರ್ನ್ಸ್‌ಲಿಯಂಥ ಬೇರೆ ಉತ್ತರದ ಪಟ್ಟಣಗಳಿಗೂ ಸಲ್ಲುತ್ತವೆ.

ಪೀಪಾಯಿಯೊಳಗಿನ ಜೀವ

ರಿಯಲ್ ಏಲ್ ಎಂದರೇನೆಂದು ನಮ್ಮೂರಿನವರಿಗೆ ವಿವರಿಸಲು ಕಳ್ಳಿಗಿಂತ ಒಳ್ಳೆಯ ದಾರಿಯಿಲ್ಲ. ಮೂರ್ತೆದಾರರು ಬೆಳಿಗ್ಗೆ ತೆಂಗಿನ ಮರದಿಂದ ಇಳಿಸಿದ ಕಳ್ಳಿಗೆ ಆಗ ಒಂದು ರುಚಿ, ಮಧ್ಯಾಹ್ನಕ್ಕೆ ಇನ್ನೊಂದು, ಸಂಜೆಗೆ ಮತ್ತೊಂದು. ಇಟ್ಟಲ್ಲೇ ಇಟ್ಟರೆ ಅದು ಹುಳಿಯಾಗಿ ಕೊನೆಗೆ ಅಡುಗೆಯ ವಿನೆಗರ್‌ಗೆ ಮಾತ್ರ ಆಗುತ್ತದೆ. ಅದರೊಳಗೆ ಹುದುಗುವ ಕೆಲಸ ನಿಲ್ಲದೆ ನಡೆಯುತ್ತಲೇ ಇರುವುದು ಇದಕ್ಕೆ ಕಾರಣ. ರಿಯಲ್ ಏಲ್ ಕೂಡ ಅಂಥ ಜೀವಂತ ಪಾನೀಯವೇ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಹಾಪ್ಸ್ ಎಂಬ ಕಹಿ ಹೂವು, ನೀರು ಮತ್ತು ಯೀಸ್ಟ್‌ನಿಂದ ಬ್ರೂವರಿಯಲ್ಲಿ ಒಮ್ಮೆ ಹುದುಗಿದ ಮೇಲೆ, ಅದನ್ನು ಬದುಕಿರುವ ಯೀಸ್ಟ್‌ನ ಸಮೇತ ಪೀಪಾಯಿಗೆ ತುಂಬಿ ಪಬ್ಬಿಗೆ ಕಳುಹಿಸುತ್ತಾರೆ. ಎರಡನೆಯ ಹುದುಗು ಆ ಪೀಪಾಯಿಯೊಳಗೆ, ಪಬ್ಬಿನ ನೆಲಮಾಳಿಗೆಯಲ್ಲಿ ನಡೆಯುತ್ತದೆ. ಕ್ಯಾಸ್ಕ್ ಏಲ್ ಎಂಬ ಹೆಸರು ಬಂದದ್ದು ಈ ಪೀಪಾಯಿಯಿಂದ. ನಮ್ಮಲ್ಲಿ ಸಿಗುವ ಬಾಟಲಿ ಬಿಯರನ್ನು ಸೋಸಿ, ಕಾಯಿಸಿ, ಯೀಸ್ಟನ್ನು ತೆಗೆದು ಗ್ಯಾಸ್ ತುಂಬಿರುತ್ತಾರೆ. ಕೆಗ್ ಬಿಯರ್ ಎಂಬುದನ್ನೂ ಹೆಚ್ಚಾಗಿ ಹಾಗೆಯೇ ಸಿದ್ಧಪಡಿಸಿ ಗ್ಯಾಸಿನ ಒತ್ತಡದಿಂದ ನಲ್ಲಿಗೆ ತಳ್ಳುತ್ತಾರೆ.

1960ರ ದಶಕದಲ್ಲಿ ದೊಡ್ಡ ಬ್ರೂವರಿಗಳು ಸಾಗಣೆಗೆ ಸುಲಭವೆಂದು ಕೆಗ್ ಬಿಯರನ್ನೇ ಎಲ್ಲೆಡೆ ಹರಡಿದಾಗ ಈ ಹಳೆಯ ಪದ್ಧತಿ ಅಳಿದೇ ಹೋಗುವ ಸ್ಥಿತಿ ಬಂದಿತ್ತು. ಅದನ್ನು ಉಳಿಸಬೇಕೆಂದು ಇಂಗ್ಲೆಂಡಿನ ವಾಯವ್ಯ ಭಾಗದ ನಾಲ್ವರು ಗೆಳೆಯರು 1971ರಲ್ಲಿ, ಐರ್ಲೆಂಡಿನ ಪ್ರವಾಸದಲ್ಲಿದ್ದಾಗ, ಒಂದು ಸಂಘ ಕಟ್ಟಿದರು. ಕ್ಯಾಮ್ರಾ ಎಂದು ಎಲ್ಲರೂ ಕರೆಯುವುದು ಅದನ್ನೇ. ಬಳಕೆದಾರರು ತಾವಾಗಿಯೇ ಒಟ್ಟುಗೂಡಿ ಒಂದು ಊಟ ಪಾನೀಯದ ಪರಂಪರೆಯನ್ನು ಹೀಗೆ ಕಾಪಾಡಿಕೊಂಡ ಉದಾಹರಣೆಗಳು ವಿರಳವಾದುದರಿಂದ ನನಗೆ ಈ ಸಂಘದ ಮೇಲೆ ವಿಶೇಷ ಗೌರವವಿದೆ. ಅವರು ಪ್ರತಿ ವರ್ಷ ಪ್ರಕಟಿಸುವ ಗುಡ್ ಬಿಯರ್ ಗೈಡ್‌ನಲ್ಲಿ ಸ್ಥಾನ ಪಡೆದ ಪಬ್‌ಗಳು ಬಾಗಿಲಿನ ಅಥವಾ ಕಿಟಕಿಯ ಗಾಜಿಗೆ ಆ ವರ್ಷದ ಚೀಟಿಯನ್ನು ಅಂಟಿಸಿರುತ್ತವೆ. ಹೊಸ ಊರಿನಲ್ಲಿ ಇದಕ್ಕಿಂತ ನಂಬಿಕೆಯ ಗುರುತು ಇಲ್ಲ. ಚೀಟಿಯ ಮೇಲಿನ ವರ್ಷವನ್ನು ಮಾತ್ರ ಓದಿಕೊಳ್ಳಬೇಕು, ಏಕೆಂದರೆ ಹಳೆಯ ಚೀಟಿಯಿಂದ ಇಂದಿನ ಬಿಯರಿನ ಗುಣ ತಿಳಿಯುವುದಿಲ್ಲ.

ಒಂದು ಬೆಳಿಗ್ಗೆ, ಬಾಗಿಲು ತೆರೆಯುವ ಮೊದಲು, ಪಬ್ ನಡೆಸುವ ಹಿರಿಯರೊಬ್ಬರು ನನ್ನನ್ನು ನೆಲಮಾಳಿಗೆಗೆ ಕರೆದುಕೊಂಡು ಹೋದರು. ದಪ್ಪ ಕಲ್ಲಿನ ಗೋಡೆಯ ಆ ಕೋಣೆಯಲ್ಲಿ ಪೀಪಾಯಿಗಳನ್ನು ಮರದ ಚೌಕಟ್ಟಿನ ಮೇಲೆ ಅಡ್ಡಡ್ಡ ಮಲಗಿಸಿ, ಅಲುಗದಂತೆ ಎರಡೂ ಕಡೆಗೆ ಆಪು ಕೊಟ್ಟಿದ್ದರು. ಹೊಸದಾಗಿ ಬಂದ ಒಂದು ಪೀಪಾಯಿಯ ಮೇಲ್ಮುಖದಲ್ಲಿ ಅವರು ಬೆರಳುದ್ದದ, ಗಾಳಿ ಹಾಯುವ ಮೆದು ಮರದ ಬೆಣೆಯೊಂದನ್ನು ಸುತ್ತಿಗೆಯಿಂದ ಬಡಿದು ಇಳಿಸಿದರು. ಬೆಣೆಯ ಸುತ್ತ ಸುಯ್ಯೆಂದು ನೊರೆ ಉಕ್ಕಿತು. ಅದನ್ನು ಬಟ್ಟೆಯಿಂದ ಒರಸಿದರು; ನೊರೆ ಮತ್ತೆ ಬಂದಿತು; ಮತ್ತೆ ಒರಸಿದರು. ಒಳಗಿನ ಯೀಸ್ಟ್ ಇನ್ನೂ ಕೆಲಸ ಮಾಡುತ್ತಿದೆ, ಇದು ಉಕ್ಕುವುದು ನಿಂತ ಮೇಲೆ ಗಟ್ಟಿ ಮರದ ಬೆಣೆ ಹಾಕಿ ಉಳಿದ ಗ್ಯಾಸನ್ನು ಒಳಗೇ ಹಿಡಿದಿಡಬೇಕು, ಬಳಿಕ ಮಡ್ಡಿ ತಳಕ್ಕೆ ಇಳಿದು ತಿಳಿಯಾಗುವವರೆಗೆ ಅದನ್ನು ಯಾರೂ ಮುಟ್ಟಬಾರದು ಎಂದು ಅವರು ಹೇಳಿದರು. ಕೋಣೆಯ ತಂಪು 11ರಿಂದ 13 ಡಿಗ್ರಿ ಸೆಲ್ಸಿಯಸ್ ಇರಬೇಕು. ಇಂಗ್ಲೆಂಡಿನವರು ಬಿಸಿ ಬಿಯರ್ ಕುಡಿಯುತ್ತಾರೆ ಎಂದು ನಮ್ಮಲ್ಲಿ ಹೇಳುವುದುಂಟು, ಅದು ತಪ್ಪು. ಬಾವಿಯಿಂದ ಆಗಷ್ಟೇ ಸೇದಿದ ನೀರಿಗಿಂತಲೂ ಅದು ತಂಪಾಗಿಯೇ ಇರುತ್ತದೆ, ಐಸಿನಷ್ಟು ತಣ್ಣಗಿಲ್ಲದ ಕಾರಣ ನಾಲಿಗೆಗೆ ರುಚಿಯೆಲ್ಲ ಗೊತ್ತಾಗುತ್ತದೆ.

ಆ ಹಿರಿಯರು ಹೇಳಿದ ಒಂದು ಲೆಕ್ಕ ಪಬ್ ಆರಿಸುವಾಗ ನನಗೆ ಎಲ್ಲಕ್ಕಿಂತ ಹೆಚ್ಚು ನೆರವಾಗಿದೆ. ಸಾಮಾನ್ಯ ಪೀಪಾಯಿಯೊಂದರಲ್ಲಿ 9 ಗ್ಯಾಲನ್, ಎಂದರೆ ಸುಮಾರು 41 ಲೀಟರ್, 72 ಪೈಂಟ್ ಏಲ್ ಇರುತ್ತದೆ. ಬಿಯರ್ ಹೊರಬಂದಷ್ಟೂ ಅದರ ಜಾಗಕ್ಕೆ ಗಾಳಿ ಹೋಗುವುದರಿಂದ, ತೆರೆದ ಪೀಪಾಯಿಯನ್ನು ಸುಮಾರು ಮೂರು ದಿನಗಳಲ್ಲಿ ಮುಗಿಸಬೇಕು. ಹಾಗಾದರೆ ಒಂದೊಂದು ಬಗೆಯ ಏಲ್ ದಿನಕ್ಕೆ 24 ಪೈಂಟಿನಷ್ಟಾದರೂ ಖರ್ಚಾಗಬೇಕಲ್ಲವೇ? ಒಂದೊಂದು ಬಗೆಯ ಏಲನ್ನು ಮೇಲೆತ್ತುವ ಹ್ಯಾಂಡ್‌ಪಂಪ್‌ಗಳು ಹತ್ತು ಇರುವ ಪಬ್ಬಿನಲ್ಲಿ ಜನರೇ ಇಲ್ಲದಿದ್ದರೆ ಅಲ್ಲಿಯ ಏಲ್ ಹಳತಾಗಿರುವ ಸಂಭವವೇ ಹೆಚ್ಚು. ಮೂರೇ ಪಂಪ್ ಇದ್ದು ಸುತ್ತಲಿನ ಜನ ನಿತ್ಯ ಬಂದು ಹೋಗುವ ಸಣ್ಣ ಪಬ್ಬನ್ನು ಅದಕ್ಕಿಂತ ಮೇಲೆಂದು ತಿಳಿಯಬೇಕು. ಪಂಪುಗಳನ್ನು ಎಣಿಸುವ ಮೊದಲು ಕುಳಿತವರನ್ನು ಎಣಿಸಿ.

ಯಾವ ಪಬ್

ಲೀಡ್ಸ್‌ನಿಂದ ರೈಲಿನಲ್ಲಿ ಸುಮಾರು 20 ನಿಮಿಷ, ಮ್ಯಾಂಚೆಸ್ಟರ್‌ನಿಂದ ಅರ್ಧ ತಾಸಿಗೆ ಸ್ವಲ್ಪ ಹೆಚ್ಚು ಪ್ರಯಾಣಿಸಿದರೆ ಹಡರ್ಸ್‌ಫೀಲ್ಡ್ ಬರುತ್ತದೆ. ನಿಲ್ದಾಣದಿಂದ ಹೊರಗೆ ಬಂದವರು ನಾಲ್ಕು ಹೆಜ್ಜೆ ಮುಂದೆ ಹೋಗಿ ಹಿಂದಿರುಗಿ ನೋಡಬೇಕೆಂದು ನನ್ನ ಕೋರಿಕೆ. ಸಾಲುಗಂಬಗಳ ಆ ಕಟ್ಟಡ 1850ರ ಕಾಲದ್ದು, ದೇವಾಲಯದಷ್ಟು ಗಂಭೀರವಾಗಿದೆ. ಎದುರಿನ ಚೌಕದಲ್ಲಿ ಈ ಊರಿನಲ್ಲೇ ಹುಟ್ಟಿ ಬ್ರಿಟನ್ನಿನ ಪ್ರಧಾನಿಯಾದ ಹೆರಾಲ್ಡ್ ವಿಲ್ಸನ್ ಅವರ ಪ್ರತಿಮೆಯಿದೆ. ಇದೇ ನಿಲ್ದಾಣದ ಕಟ್ಟಡದ ಎರಡು ಬದಿಗಳಲ್ಲಿ ಹೆಡ್ ಆಫ್ ಸ್ಟೀಮ್ ಮತ್ತು ಕಿಂಗ್ಸ್ ಹೆಡ್ ಎಂಬ ಎರಡು ಪಬ್‌ಗಳು ಬಹುಕಾಲದಿಂದ ಏಲ್‌ಪ್ರಿಯರ ತಂಗುದಾಣಗಳಾಗಿವೆ. ಇಂಥ ನಿಲ್ದಾಣದ ಪಬ್‌ಗಳು ಈ ರೈಲು ಮಾರ್ಗದ ವಿಶೇಷ. ಸ್ಟೇಲಿಬ್ರಿಡ್ಜ್ ನಿಲ್ದಾಣದ ಬಫೆ ಬಾರ್ ಮತ್ತು ಡ್ಯೂಸ್‌ಬರಿಯ ವೆಸ್ಟ್ ರೈಡಿಂಗ್ ಕೂಡ ಇದೇ ದಾರಿಯಲ್ಲಿವೆ. ಈ ಮಾರ್ಗದಲ್ಲಿ ದೊಡ್ಡ ಪ್ರಮಾಣದ ರೈಲ್ವೆ ಕಾಮಗಾರಿ ನಡೆಯುತ್ತಿರುವುದರಿಂದ, ಹೊರಡುವ ಹಿಂದಿನ ದಿನವೇ ರೈಲು ಓಡುತ್ತದೆಯೇ, ನಿಲ್ದಾಣದ ಪಬ್ ತೆರೆದಿರುತ್ತದೆಯೇ ಎಂದು ವಿಚಾರಿಸಿಕೊಳ್ಳುವುದು ಅಗತ್ಯ.

ನಿಲ್ದಾಣದಿಂದ ಕೆಲವೇ ನಿಮಿಷ ನಡೆದರೆ ಸೇಂಟ್ ಜಾನ್ಸ್ ರಸ್ತೆಯಲ್ಲಿ ದಿ ಸ್ಪೋರ್ಟ್ಸ್‌ಮನ್ ಸಿಗುತ್ತದೆ. ಪಟ್ಟಣದ ಇನ್ನೊಂದು ಬದಿಗೆ, ಸ್ಪ್ರಿಂಗ್ ಗ್ರೋವ್ ಬೀದಿಯ ದಿ ಗ್ರೋವ್ ಮತ್ತು ಚಾಪೆಲ್ ಹಿಲ್ ಇಳಿಜಾರಿನಲ್ಲಿರುವ ರ‍್ಯಾಟ್ ಅಂಡ್ ರ‍್ಯಾಚೆಟ್ ಇವೆ. ರ‍್ಯಾಟ್ ಅಂಡ್ ರ‍್ಯಾಚೆಟ್‌ನಲ್ಲಿ ಅಲ್ಲಿಯೇ ಏಲ್ ತಯಾರಿಸುವ ಪುಟ್ಟ ಬ್ರೂವರಿಯೂ ಇದೆ. ಏಲ್‌ನ ಬಗ್ಗೆ ನಿಜವಾದ ಆಸಕ್ತಿಯಿದ್ದವರಿಗೆ ಈ ಕೊನೆಯ ಎರಡನ್ನು ನಾನು ಮೊದಲು ಹೇಳುತ್ತೇನೆ. ಆದರೆ ಪಂದ್ಯದ ದಿನ ಅವುಗಳ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು: ಮೈದಾನವಿರುವುದು ಪಟ್ಟಣದ ಪೂರ್ವಕ್ಕೆ, ಕೋಲ್ನ್ ನದಿಯ ಬದಿಯಲ್ಲಿ, ಈ ಎರಡು ಪಬ್‌ಗಳಿರುವುದು ಅದಕ್ಕೆ ತಿರುಗಾ ದಿಕ್ಕಿನಲ್ಲಿ. ಬೇಗ ಬಂದವರು ಅಲ್ಲಿಗೆ ಹೋಗಿ, ಹೊತ್ತಿಗೆ ಸರಿಯಾಗಿ ಹೊರಡಬಹುದು. ಮಧ್ಯಾಹ್ನ ಒಂದರ ನಂತರ ರೈಲಿನಿಂದ ಇಳಿದವರು ನಿಲ್ದಾಣದ ಸುತ್ತಮುತ್ತಲೇ ಇರುವುದು ಒಳ್ಳೆಯದು.

ಮೈದಾನದ ಹೆಸರಿನ ವಿಷಯದಲ್ಲಿ ಗೊಂದಲಕ್ಕೆ ಒಳಗಾಗಬೇಡಿ. 1994ರಲ್ಲಿ ತೆರೆದ, ಬಿಲ್ಲಿನಂತೆ ಬಾಗಿದ ಬಿಳಿ ಕಮಾನುಗಳ ಈ ಕ್ರೀಡಾಂಗಣದ ಹೆಸರು ಪ್ರಾಯೋಜಕರೊಂದಿಗೆ ಬದಲಾಗುತ್ತ ಬಂದಿದೆ. ಬಹಳ ವರ್ಷ ಅದಕ್ಕೆ ಟ್ಯಾಡ್‌ಕಾಸ್ಟರ್‌ನ ಒಂದು ಬ್ರೂವರಿಯ ಹೆಸರಿನಿಂದ ಜಾನ್ ಸ್ಮಿತ್ಸ್ ಸ್ಟೇಡಿಯಂ ಎಂದೇ ಕರೆಯುತ್ತಿದ್ದರು. ದಾರಿ ಕೇಳುವಾಗ ‘ಟೌನ್‌ನ ಮೈದಾನ’ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ನಿಲ್ದಾಣದಿಂದ ಸುಮಾರು ಒಂದು ಮೈಲಿ ದೂರ, ನಡೆದುಕೊಂಡೇ ಹೋಗಬಹುದು.

ಹೊತ್ತಿನ ಬಗ್ಗೆ ನನ್ನ ಅಭಿಪ್ರಾಯ ಖಚಿತವಾಗಿದೆ. ಶನಿವಾರದ ಪಂದ್ಯ ಸಾಮಾನ್ಯವಾಗಿ ಮಧ್ಯಾಹ್ನ 3ಕ್ಕೆ ಆರಂಭವಾಗುತ್ತದೆ. ಪಬ್ಬಿಗೆ 12ರೊಳಗೆ ತಲುಪಿ, 2ಕ್ಕೆ ಅಲ್ಲಿಂದ ಎದ್ದುಬಿಡಬೇಕು. ಒಂದು ಗಂಟೆಯಾಗುವಾಗ ಬಾರ್‌ನ ಮುಂದೆ ನಾಲ್ಕು ಸಾಲು ಜನ ನಿಂತಿರುತ್ತಾರೆ, ಕುಳಿತುಕೊಳ್ಳಲು ಜಾಗವಿರುವುದಿಲ್ಲ, ಪೀಪಾಯಿ ಮುಗಿದರೆ ಬದಲಿಸಲು ಅವಸರವಾಗುತ್ತದೆ. ನಾನು ಮೊದಲ ವರ್ಷ ಗೆಳೆಯರ ಜೊತೆ ಮಾತಿನಲ್ಲಿ ಮೈಮರೆತು 2.40ಕ್ಕೆ ಹೊರಟು, ಪ್ರವೇಶದ್ವಾರದ ಸಾಲಿನಲ್ಲಿ ಸಿಕ್ಕಿಕೊಂಡಿದ್ದಾಗ ಒಳಗಿನಿಂದ ಗೋಲಿನ ಕೂಗು ಕೇಳಿಸಿತ್ತು. ಆ ಋತುವಿನಲ್ಲಿ ನಾನು ನೋಡಲೆಂದು ಹೋದ ಏಕೈಕ ಪರವೂರಿನ ಪಂದ್ಯದ ಏಕೈಕ ಗೋಲು ಅದು. ಆ ದಿನದ ಬೇಸರ ಇಂದಿಗೂ ಮಾಸಿಲ್ಲ.

ಬಾರ್‌ನ ಮುಂದೆ

ಪಬ್ಬಿನಲ್ಲಿ ಕುಳಿತಲ್ಲಿಗೆ ಯಾರೂ ಬಂದು ಏನು ಬೇಕೆಂದು ಕೇಳುವುದಿಲ್ಲ. ಬಾರ್‌ಗೆ ನಾವೇ ಹೋಗಿ, ಕೇಳಿ, ಹಣ ಕೊಟ್ಟು, ಗ್ಲಾಸನ್ನು ನಾವೇ ತರಬೇಕು. ಸಾಲು ಕಾಣಿಸದಿದ್ದರೂ ಯಾರು ಮೊದಲು ಬಂದರೆಂಬುದು ಅಲ್ಲಿ ನಿಂತವರಿಗೂ ಒಳಗಿರುವವರಿಗೂ ಗೊತ್ತಿರುತ್ತದೆ. ಕೈ ಬೀಸುವುದು, ನೋಟು ತೋರಿಸುವುದು, ಕೂಗಿ ಕರೆಯುವುದು ಒರಟುತನವೆನಿಸುತ್ತದೆ. ನಮಗಿಂತ ಮೊದಲು ಬಂದವರಿದ್ದರೆ ‘ಇವರು ಮೊದಲು’ ಎಂದು ಒಂದು ಮಾತು ಹೇಳಿದರೆ ಸಾಕು, ನಮ್ಮ ಸರದಿಯನ್ನು ಅವರು ಮರೆಯುವುದಿಲ್ಲ. ಬಾರ್‌ನ ಹಿಂದಿರುವ ಹೆಂಗಸು ನಿಮ್ಮನ್ನು ‘ಲವ್’ ಎಂದು ಕರೆದರೆ ಮುಜುಗರಪಡಬೇಕಾಗಿಲ್ಲ. ಯಾರ್ಕ್‌ಷೈರ್‌ನಲ್ಲಿ ಅದು ನಮ್ಮಲ್ಲಿ ಹಿರಿಯರು ‘ಮಗಾ’ ಎಂದು ಕರೆದಷ್ಟೇ ಸಹಜವಾದ ಮಾತು. ಅಲ್ಲಿಯ ಉಚ್ಚಾರಣೆ ಮೊದಮೊದಲು ಕಷ್ಟವೆನಿಸಬಹುದು. ಮನೆಯಲ್ಲಿ ಕನ್ನಡ, ನೆರೆಮನೆಯಲ್ಲಿ ತುಳು, ಬಸ್ಸಿನಲ್ಲಿ ಮಲಯಾಳ ಕೇಳುತ್ತ ಬೆಳೆದ ಕಿವಿಗೆ ಅದು ಬೇಗನೆ ಒಗ್ಗುತ್ತದೆ.

ಹ್ಯಾಂಡ್‌ಪಂಪ್ ಎಂದರೆ ಬಾರ್‌ನ ಮೇಲೆ ನೆಟ್ಟಗೆ ನಿಂತಿರುವ ಉದ್ದ ಹಿಡಿಕೆ. ನಮ್ಮ ಕೊಳವೆಬಾವಿಯ ಕೈಪಂಪಿನಂತೆ ಅದು ಗ್ಯಾಸಿನ ಒತ್ತಡವಿಲ್ಲದೆ, ಎಳೆದವರ ತೋಳಿನ ಬಲದಿಂದಲೇ ನೆಲಮಾಳಿಗೆಯ ಏಲನ್ನು ಮೇಲಕ್ಕೆ ಸೆಳೆಯುತ್ತದೆ. ಹಿಡಿಕೆಯ ಮುಂಭಾಗದ ಫಲಕದಲ್ಲಿ ಬ್ರೂವರಿಯ ಹೆಸರು, ಏಲ್‌ನ ಹೆಸರು ಮತ್ತು ಮದ್ಯಸಾರದ ಶೇಕಡಾ ಪ್ರಮಾಣ ಇರುತ್ತವೆ. ಫಲಕವನ್ನು ಹಿಂದುಮುಂದಾಗಿ ತಿರುಗಿಸಿಟ್ಟಿದ್ದರೆ ಆ ಏಲ್ ಮುಗಿದಿದೆ, ಇಲ್ಲವೇ ಇನ್ನೂ ತಿಳಿಯಾಗಿಲ್ಲ ಎಂದು ಅರ್ಥ. ಉತ್ತರ ಇಂಗ್ಲೆಂಡಿನಲ್ಲಿ ಪಂಪಿನ ಮೂತಿಗೆ ಸಣ್ಣ ಸಣ್ಣ ತೂತುಗಳಿರುವ ಸ್ಪಾರ್ಕ್ಲರ್ ಎಂಬ ಮುಚ್ಚಳವನ್ನು ಹಾಕುತ್ತಾರೆ. ಅದರ ಮೂಲಕ ನುಗ್ಗಿದ ಏಲ್ ಗ್ಲಾಸಿನಲ್ಲಿ ಮೊದಲು ಹಾಲಿನಂತೆ ಬಿಳಿಯಾಗಿ ಕಲಕಿಕೊಂಡಿರುತ್ತದೆ. ಬಳಿಕ ತಳದಿಂದ ಮೇಲಕ್ಕೆ ನಿಧಾನವಾಗಿ ತಿಳಿಯಾಗುತ್ತ ಬಂದು, ಕೊನೆಗೆ ಜೇನಿನ ಬಣ್ಣದ ಮೇಲೆ ಕೆನೆಯಂಥ ಎರಡು ಬೆರಳು ನೊರೆ ನಿಲ್ಲುತ್ತದೆ. ಅಷ್ಟರವರೆಗೆ ತುಟಿಗೆ ಇಡದೆ ಕಾಯುವುದು ಒಳ್ಳೆಯದು. ದಕ್ಷಿಣದ ಇಂಗ್ಲೆಂಡಿನಲ್ಲಿ ಇದನ್ನು ಸಾಮಾನ್ಯವಾಗಿ ಬಳಸುವುದಿಲ್ಲ. ಅಲ್ಲಿಯವರಿಗೂ ಇಲ್ಲಿಯವರಿಗೂ ಈ ನೊರೆಯ ಬಗ್ಗೆ ಮುಗಿಯದ ವಾದವಿದೆ. ನಾನು ಉತ್ತರದವರ ಪಕ್ಷ.

ಏನನ್ನು ಕೇಳಬೇಕೆಂದು ಗೊತ್ತಾಗದಿದ್ದರೆ ರುಚಿ ನೋಡಲು ಒಂದು ಗುಟುಕು ಕೊಡಬಹುದೇ ಎಂದು ಕೇಳಿ. ಒಳ್ಳೆಯ ಪಬ್‌ಗಳು ಸಂತೋಷದಿಂದ ಕೊಡುತ್ತವೆ. ಜನ ತುಂಬಿದ ಹೊತ್ತಿನಲ್ಲಿ ಮಾತ್ರ ಇದನ್ನು ಕೇಳಬಾರದು. ಮೈಲ್ಡ್ ಎಂಬುದು ಕಹಿ ಕಡಿಮೆಯಿರುವ, ಹೆಚ್ಚಾಗಿ ಕಪ್ಪು ಬಣ್ಣದ, ಹಗುರವಾದ ಏಲ್. ಬಿಟರ್ ಎಂಬುದು ಈ ಭಾಗದ ನಿತ್ಯದ ಏಲ್, ಹೆಸರಿಗೆ ಕಹಿಯೆಂದಿದ್ದರೂ ಅದರ ಕಹಿ ಹಾಗಲಕಾಯಿಯ ಕಹಿಯಲ್ಲ, ಕಾಫಿಯದು. ತಿಳಿ ಬಣ್ಣದ ಪೇಲ್ ಏಲ್‌ನಲ್ಲಿ ಹಾಪ್ಸ್‌ನ ಘಮ ಕಿತ್ತಳೆ ಸಿಪ್ಪೆಯನ್ನು ನೆನಪಿಸುತ್ತದೆ. ಪೋರ್ಟರ್, ಸ್ಟೌಟ್‌ಗಳಲ್ಲಿ ಹುರಿದ ಬಾರ್ಲಿಯ ರುಚಿಯಿದೆ. ಹೊಸಬರಿಗೆ ಕೀತ್ಲಿಯ ತಿಮೊಥಿ ಟೇಲರ್ ಬ್ರೂವರಿಯ ಲ್ಯಾಂಡ್‌ಲಾರ್ಡ್ ಎಂಬ ಏಲ್ ಕಂಡರೆ ಅದರಿಂದ ತೊಡಗಲು ಹೇಳುತ್ತೇನೆ. 1858ರಿಂದ ನಡೆದುಬಂದ ಈ ಬ್ರೂವರಿ ಪಶ್ಚಿಮ ಯಾರ್ಕ್‌ಷೈರ್‌ನದೇ. ಮ್ಯಾಶಮ್‌ನ ಥೀಕ್‌ಸ್ಟನ್ ಅವರ ಓಲ್ಡ್ ಪೆಕ್ಯೂಲಿಯರ್ ಕಪ್ಪಗಿನ ಗಟ್ಟಿ ಏಲ್. ಅದನ್ನು ಪಂದ್ಯದ ಮೊದಲು ಬೇಡ, ಮುಗಿದ ಮೇಲೆ ಅರ್ಧ ಪೈಂಟ್ ಸಾಕು.

ಪೈಂಟ್ ಎಂದರೆ 568 ಮಿಲಿಲೀಟರ್. ಅರ್ಧ ಪೈಂಟ್ ಕೇಳುವುದರಲ್ಲಿ ಸಂಕೋಚವೇನೂ ಇಲ್ಲ, ಬೇರೆ ಬೇರೆ ಏಲ್‌ಗಳ ರುಚಿ ತಿಳಿಯಲು ಅದೇ ಸರಿಯಾದ ಅಳತೆ. ಶೇಕಡಾ 4ರ ಒಂದು ಪೈಂಟ್‌ನಲ್ಲಿ 2.3 ಯೂನಿಟ್ ಮದ್ಯಸಾರವಿರುತ್ತದೆ. ವಾರಕ್ಕೆ 14 ಯೂನಿಟ್ ಮೀರಬಾರದೆಂದು ಅಲ್ಲಿಯ ಆರೋಗ್ಯ ಇಲಾಖೆಯ ಸಲಹೆ. ಎರಡು ತಾಸಿನಲ್ಲಿ ಎರಡು ಪೈಂಟ್ ಎಂಬುದು ನನ್ನ ಗಡಿಯಾಗಿತ್ತು, ಹೊಸಬರಿಗೆ ಅದಕ್ಕಿಂತಲೂ ಕಡಿಮೆಯನ್ನೇ ಹೇಳುತ್ತೇನೆ. ಗೆಳೆಯರ ಗುಂಪಿನಲ್ಲಿ ಒಬ್ಬೊಬ್ಬರು ಸರದಿಯಲ್ಲಿ ಎಲ್ಲರಿಗೂ ಕೊಡಿಸುವ ರೂಢಿ ಅಲ್ಲಿದೆ. ಆರು ಜನರಿದ್ದರೆ ಆರು ಪೈಂಟ್ ಆಗಿಬಿಡುವ ಅಪಾಯವನ್ನು ಮೊದಲೇ ತಿಳಿದು, ಇಬ್ಬಿಬ್ಬರ ಜೋಡಿಯಾಗಿ ಇರುವುದಾಗಿ ಆರಂಭದಲ್ಲೇ ಹೇಳಿಬಿಡಿ. ಮದ್ಯ ಸೇವಿಸದವರು ಲೈಮ್ ಸೋಡಾ ಅಥವಾ ಜಿಂಜರ್ ಬಿಯರ್ ಎಂಬ ಶುಂಠಿಯ ಪಾನೀಯವನ್ನು ಕೇಳಬಹುದು. ಜಿಂಜರ್ ಬಿಯರ್‌ನಲ್ಲಿ ಮದ್ಯಸಾರವಿರುವ ಬಗೆಗಳೂ ಇರುವುದರಿಂದ ಕೇಳುವಾಗ ಸ್ಪಷ್ಟವಾಗಿ ವಿಚಾರಿಸಿ. ಏಕೆ ಕುಡಿಯುವುದಿಲ್ಲವೆಂದು ಅಲ್ಲಿ ಯಾರೂ ಒತ್ತಾಯದಿಂದ ಕೇಳಿದ್ದನ್ನು ನಾನು ನೋಡಿಲ್ಲ.

ಏಲ್ ವಿನೆಗರಿನಂತೆ ಹುಳಿ ವಾಸನೆ ಬೀರಿದರೆ, ತಿಳಿಯಾಗಿರಬೇಕಾದದ್ದು ಮಡ್ಡಿಯಾಗಿದ್ದರೆ, ಒಂದೆರಡು ಗುಟುಕು ಕುಡಿದ ಕೂಡಲೇ ಮೆಲುದನಿಯಲ್ಲಿ ತಿಳಿಸಿ ಹಿಂದೆ ಕೊಡಿ. ಹುಳಿ ಬಂದ ಕಳ್ಳಿನ ವಾಸನೆ ಗೊತ್ತಿರುವವರಿಗೆ ಇದನ್ನು ಗುರುತಿಸಲು ಕಷ್ಟವಿಲ್ಲ. ಮುಕ್ಕಾಲು ಗ್ಲಾಸ್ ಮುಗಿಸಿದ ಮೇಲೆ ದೂರುವುದು ತರವಲ್ಲ. ಕೆಲವು ಏಲ್‌ಗಳನ್ನು ಬೇಕೆಂದೇ ಮಬ್ಬಾಗಿ ತಯಾರಿಸುತ್ತಾರಾದುದರಿಂದ, ಬಣ್ಣ ನೋಡಿ ದೂರುವ ಮೊದಲು ‘ಇದು ಹೀಗೆಯೇ ಇರಬೇಕೇ’ ಎಂದು ಕೇಳುವುದು ಸರಿ.

ಸಸ್ಯಾಹಾರಿಗಳು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು. ಮಡ್ಡಿಯನ್ನು ಬೇಗ ತಳಕ್ಕೆ ಇಳಿಸಲು ಹಳೆಯ ಪದ್ಧತಿಯ ಕ್ಯಾಸ್ಕ್ ಏಲ್‌ಗೆ ಐಸಿಂಗ್‌ಗ್ಲಾಸ್ ಎಂಬ ವಸ್ತುವನ್ನು ಬೆರೆಸುತ್ತಾರೆ. ಅದನ್ನು ತಯಾರಿಸುವುದು ಮೀನಿನ ಗಾಳಿಚೀಲದಿಂದ. ಅದನ್ನು ಬೆರೆಸದ ಏಲ್ ಬೇಕಿದ್ದರೆ ‘ಅನ್‌ಫೈನ್ಡ್’ ಅಥವಾ ‘ವೀಗನ್’ ಯಾವುದಿದೆ ಎಂದು ಕೇಳಬೇಕು. ಈಗ ಅಂಥವು ಸಾಕಷ್ಟು ಸಿಗುತ್ತವೆ, ಫಲಕದ ಮೇಲೂ ಬರೆದಿರುತ್ತಾರೆ. ಪಬ್ಬಿನ ಕುರುಕಲು ತಿಂಡಿಯಲ್ಲಿ ಪೋರ್ಕ್ ಸ್ಕ್ರ್ಯಾಚಿಂಗ್ಸ್ ಎಂಬುದು ಹುರಿದ ಹಂದಿಯ ಚರ್ಮ. ಅದಕ್ಕಿಂತ ಮುಖ್ಯವಾದುದು ಆಲೂಗಡ್ಡೆಯ ಚಿಪ್ಸ್‌ನ ಸಂಗತಿ: ಯಾರ್ಕ್‌ಷೈರ್‌ನ ಅನೇಕ ಫಿಶ್ ಅಂಡ್ ಚಿಪ್ಸ್ ಅಂಗಡಿಗಳಲ್ಲಿ ಇಂದಿಗೂ ದನದ ಕೊಬ್ಬಿನಲ್ಲೇ ಕರಿಯುತ್ತಾರೆ. ನೀರ್ಚಾಲಿನಿಂದ ನನ್ನನ್ನು ನೋಡಲು ಬಂದಿದ್ದ ನಮ್ಮ ಭಾವ ಹುಟ್ಟು ಸಸ್ಯಾಹಾರಿಗಳು. ಚಳಿಯಲ್ಲಿ ಹಸಿದಿದ್ದ ಅವರಿಗೆ, ಬರಿಯ ಆಲೂಗಡ್ಡೆಯಲ್ಲವೇ ಎಂದು ನಾನೇ ಒಂದು ಪೊಟ್ಟಣ ಕೊಡಿಸಿದೆ. ಅರ್ಧ ತಿಂದಾದ ಮೇಲೆ ಗೋಡೆಯ ಮೇಲಿನ ಬರಹವನ್ನು ಓದಿದವರು ಅವರೇ. ಅವರು ಒಂದು ಮಾತೂ ಆಡದೆ ಪೊಟ್ಟಣವನ್ನು ಮಡಚಿಟ್ಟರು. ಕೇಳದೆ ಕೊಡಿಸಿದ ತಪ್ಪು ನನ್ನದು. ಓದುವವರು ಯಾರೂ ಅದನ್ನು ಮಾಡದಿರಲಿ. ಯಾವ ಎಣ್ಣೆಯಲ್ಲಿ ಕರಿದದ್ದೆಂದು ಕೇಳಿದರೆ ಅಂಗಡಿಯವರು ನೇರವಾಗಿ ಹೇಳುತ್ತಾರೆ.

ಎದುರಾಳಿ ಊರಿನಲ್ಲಿ

ಪಂದ್ಯದ ದಿನ ಕೆಲವು ಪಬ್‌ಗಳು ತಮ್ಮೂರಿನ ಅಭಿಮಾನಿಗಳಿಗೆ ಮಾತ್ರ ಎಂದು ಬಾಗಿಲಲ್ಲೇ ಬರೆದಿರುತ್ತವೆ. ಕೆಲವೆಡೆ ಬಾಗಿಲು ಕಾಯುವವರು ಟಿಕೆಟ್ ತೋರಿಸಲು ಹೇಳುತ್ತಾರೆ. ಅಂಥಲ್ಲಿ ವಾದಿಸದೆ ಹಿಂದಿರುಗಬೇಕು. ಮೈದಾನಕ್ಕೆ ಅತಿ ಹತ್ತಿರದ, ದೊಡ್ಡ ಟಿವಿ ಪರದೆಗಳ ಪಬ್‌ಗಳಲ್ಲಿ ಬಿಸಿ ಹೆಚ್ಚು. ಏಲ್‌ಗೆಂದೇ ಜನ ಬರುವ ಪಬ್‌ಗಳಲ್ಲಿ ಎರಡೂ ಕಡೆಯವರು ಒಂದೇ ಮೇಜಿನಲ್ಲಿ ಕುಳಿತು ಮಾತನಾಡುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಹೊರಗಿನಿಂದ ಬಂದವರು ರಿಯಲ್ ಏಲ್ ಪಬ್ಬನ್ನೇ ಆರಿಸಬೇಕೆನ್ನಲು ರುಚಿಯ ಜೊತೆಗೆ ಇದೂ ಒಂದು ಕಾರಣ. ಹಾಗಿದ್ದರೂ ತಂಡದ ಜೆರ್ಸಿಯನ್ನು ಕೋಟಿನೊಳಗೆ ಇಟ್ಟುಕೊಳ್ಳಿ. ಹಡರ್ಸ್‌ಫೀಲ್ಡ್‌ನ ನೀಲಿ ಬಿಳಿ ಪಟ್ಟೆಯನ್ನು ಸ್ನೇಹಕ್ಕೆಂದು ನೀವು ಧರಿಸುವುದೂ ಬೇಡ, ಅದರಿಂದ ಎರಡೂ ಕಡೆಯವರಿಗೆ ತಪ್ಪು ತಿಳಿವಳಿಕೆಯಾಗುತ್ತದೆ. ಲೀಡ್ಸ್‌ನಂಥ ನೆರೆಯ ತಂಡದೊಂದಿಗಿನ ಪಂದ್ಯವಾದರೆ ಪೊಲೀಸರು ಹೇಳಿದ ದಾರಿಯಲ್ಲೇ ನಡೆಯಬೇಕು.

ಕಾನೂನಿನ ಕೆಲವು ಸಂಗತಿಗಳು ಗೊತ್ತಿರಲೇಬೇಕು. ಕೇರಳದಲ್ಲಿ ಮದ್ಯ ಕೊಳ್ಳಲು 23 ವರ್ಷ ತುಂಬಿರಬೇಕು, ಅಲ್ಲಿ 18. ಆದರೆ 25ಕ್ಕಿಂತ ಚಿಕ್ಕವರಂತೆ ಕಂಡವರಿಂದಲೆಲ್ಲ ವಯಸ್ಸಿನ ಪುರಾವೆ ಕೇಳುವ ರೂಢಿಯಿದೆ. ಪಾಸ್‌ಪೋರ್ಟನ್ನು ಪಂದ್ಯದ ಗದ್ದಲಕ್ಕೆ ಒಯ್ಯದೆ, ಅಲ್ಲಿಯ ಚಾಲನಾ ಪರವಾನಗಿಯನ್ನೋ ಪಾಸ್ ಮುದ್ರೆಯಿರುವ ವಯಸ್ಸಿನ ಕಾರ್ಡನ್ನೋ ಮೊದಲೇ ಮಾಡಿಸಿಕೊಳ್ಳಿ. 1985ರ ಕಾಯಿದೆಯ ಪ್ರಕಾರ ಪಂದ್ಯಕ್ಕೆಂದು ಗೊತ್ತುಮಾಡಿದ ಬಸ್ಸಿನಲ್ಲಿ ಮದ್ಯ ಒಯ್ಯುವುದು, ಅಮಲೇರಿ ಮೈದಾನದೊಳಗೆ ಹೋಗುವುದು, ಆಟ ಕಾಣಿಸುವ ಜಾಗದಲ್ಲಿ ಮದ್ಯ ಇಟ್ಟುಕೊಳ್ಳುವುದು ಅಪರಾಧ. ಮೈದಾನದೊಳಗಿನ ಪಡಸಾಲೆಯಲ್ಲಿ ಬಿಯರ್ ಮಾರುತ್ತಾರಾದರೂ ಅದನ್ನು ಆಸನಕ್ಕೆ ತರುವಂತಿಲ್ಲ. ಅಮಲೇರಿದ ಗೆಳೆಯನಿಗೆ ಪಬ್ಬಿನಲ್ಲಿ ಇನ್ನೊಂದು ಗ್ಲಾಸ್ ಕೊಡಿಸುವುದೂ ಅಲ್ಲಿ ಅಪರಾಧವೇ. ಕಾರಿನಲ್ಲಿ ಹೋದರೆ ಓಡಿಸುವವರು ಒಂದು ಗುಟುಕನ್ನೂ ಮುಟ್ಟಬಾರದು.

ಪಂದ್ಯ ಮುಗಿದ ಮೇಲೆ ಎಲ್ಲರೂ ಒಮ್ಮೆಲೇ ನಿಲ್ದಾಣಕ್ಕೆ ಧಾವಿಸುವುದರಿಂದ ಮೊದಲ ರೈಲಿಗೆ ಹೋಗಿ ನೂಕುನುಗ್ಗಲಿಗೆ ಸಿಕ್ಕಿಕೊಳ್ಳಬೇಡಿ. ಮೈದಾನದ ಸುತ್ತ ಜನ ಕರಗಲು ಬಿಟ್ಟು ನಿಧಾನವಾಗಿ ನಡೆದುಬಂದರೆ, ಆರು ಗಂಟೆಯ ಹೊತ್ತಿಗೆ ನಿಲ್ದಾಣದ ಬಳಿಯ ಪಬ್‌ಗಳಲ್ಲಿ ಮತ್ತೆ ಕುಳಿತುಕೊಳ್ಳಲು ಜಾಗ ಸಿಗುತ್ತದೆ. ಅರ್ಧ ಪೈಂಟ್ ಮೈಲ್ಡ್ ಅಥವಾ ಒಂದು ಲೈಮ್ ಸೋಡಾ ತೆಗೆದುಕೊಂಡು, ಪಕ್ಕದ ಮೇಜಿನವರನ್ನು ಆಟದ ಬಗ್ಗೆ ಕೇಳಿ. ಸೋತಿರಲಿ, ಗೆದ್ದಿರಲಿ, ಯಾರ್ಕ್‌ಷೈರ್‌ನವರು ತಮ್ಮ ತಂಡವನ್ನು ಎದುರಾಳಿಗಳಿಗಿಂತ ಕಟುವಾಗಿ ವಿಮರ್ಶಿಸುತ್ತಾರೆ. ಅದಕ್ಕೆ ಹೌದೆನ್ನದೆ ಕೇಳಿಸಿಕೊಂಡರೆ ಸಾಕು. ಹೊರಡುವಾಗ ಖಾಲಿ ಗ್ಲಾಸನ್ನು ಮೇಜಿನ ಮೇಲೆ ಬಿಡದೆ ಬಾರ್‌ಗೆ ತಂದಿಟ್ಟು, ಒಳಗಿದ್ದವರಿಗೆ ಅಲ್ಲಿಯವರಂತೆ ಒಂದು ‘ಟಾ’, ಎಂದರೆ ಥ್ಯಾಂಕ್ಸ್, ಹೇಳಿ ರೈಲು ಹತ್ತಿ.